ಕಾಫಿ ಲೋಟದ ವಕ್ರರೇಖೆ

ಓರೆಬಿಸಿಲು ಲೋಟದ ಒಳಗೋಡೆಗೆ ಬಿದ್ದು ಪ್ರತಿಫಲಿಸಿದಾಗ, ಕಾಫಿಯ ಮೇಲೆ ನಡುವೆ ಮೊನೆಯುಳ್ಳ ಹೊಳೆಯುವ ಗೆರೆಯೊಂದು ಮೂಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಇದು ‘ನೆಫ್ರಾಯ್ಡ್’ ಎಂಬ ವಕ್ರರೇಖೆಯ ಅರ್ಧಭಾಗ. ಗ್ರೀಕಿನಲ್ಲಿ ‘ನೆಫ್ರೋಸ್’ ಎಂದರೆ ಮೂತ್ರಪಿಂಡ. ಇಡಿಯ ರೇಖೆಯ ಆಕಾರವನ್ನು ನೋಡಿದವರಿಗೆ ಹೆಸರು ವಿಚಿತ್ರವೆನಿಸದು. ಒಂದು ವೃತ್ತದ ಪರಿಧಿಯ ಹೊರಗೆ, ಅದರ ಅರ್ಧ ತ್ರಿಜ್ಯದ ಇನ್ನೊಂದು ವೃತ್ತವನ್ನು ಜಾರದಂತೆ ಉರುಳಿಸಿದರೆ, ಉರುಳುವ ವೃತ್ತದ ಪರಿಧಿಯ ಮೇಲಿನ ಬಿಂದು ಇದನ್ನೇ ರಚಿಸುತ್ತದೆ. ಬೆಳಕಿನೊಡನೆ ಇದಕ್ಕಿರುವ ನಂಟನ್ನು ಡಚ್ ವಿಜ್ಞಾನಿ ಹೈಗನ್ಸನು 1690ರಲ್ಲಿಯೇ ಪ್ರಕಟಿಸಿದ್ದನು. ಹೆಸರಿಟ್ಟವನು ಆಂಗ್ಲ ಖಗೋಳಜ್ಞ ಪ್ರಾಕ್ಟರ್, ಅದೂ 1878ರಲ್ಲಿ!

ಇದನ್ನು ಹೃದಯಾಕಾರದ ‘ಕಾರ್ಡಿಯಾಯ್ಡ್’ ಎನ್ನುವವರುಂಟು. ಅದು ಸಲ್ಲದು. ದೀಪವು ವೃತ್ತದ ಅಂಚಿನಲ್ಲಿಯೇ ಇದ್ದರೆ ಕಾರ್ಡಿಯಾಯ್ಡ್. ದೂರದ ಸೂರ್ಯನ ಸಮಾಂತರ ಕಿರಣಗಳಿಗಾದರೋ ನೆಫ್ರಾಯ್ಡೇ. ಇದರ ಮೊನೆಯು ಕೇಂದ್ರದಿಂದ ಅರ್ಧ ತ್ರಿಜ್ಯದಷ್ಟು ದೂರದಲ್ಲಿರುವುದನ್ನು, ಕಾಫಿ ಆರುವುದರೊಳಗೆ, ನಾವೇ ಅಳೆದು ನೋಡಬಹುದು.