ಗಾಡಿಗಿಂತ ಮೊದಲು ಅಜ್ಜಿಯ ಅಳತೆ

ಭಾರತ ಹುಣ್ಣಿಮೆ ಹತ್ತಿರ ಬಂತೆಂದರೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ದಾರಿಗಳಲ್ಲಿ ಮನೆಗಳೇ ಎದ್ದು ಹೊರಟಂತೆ ಕಾಣುತ್ತದೆ. ಕೊಲ್ಲಾರಿ ಬಂಡಿ, ಟ್ರ್ಯಾಕ್ಟರ್, ಟೆಂಪೊ. ಒಳಗೆ ಹಾಸಿಗೆ, ರೊಟ್ಟಿಯ ಗಂಟು, ನೀರಿನ ಕೊಡ, ಮಕ್ಕಳು, ಮುದುಕರು. ಡೆಂಕನ ಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುವ ತನಕ ಎಷ್ಟೋ ಕುಟುಂಬಗಳಿಗೆ ಬಯಲೇ ಊರು, ಬಂಡಿಯೇ ಮನೆ. ಇವತ್ತು ನಾವು ಮೊಬೈಲಿನಲ್ಲಿ ‘ವ್ಯಾನ್ ಲೈಫ್’ ಎಂದು ಕಣ್ಣರಳಿಸಿ ನೋಡುವುದನ್ನು ನಮ್ಮ ಅಜ್ಜ ಎರಡು ಎತ್ತು ಹೂಡಿ ಮಾಡುತ್ತಿದ್ದರು.

ಈಗ ನಮ್ಮ ಮನೆಯಲ್ಲಿ ಎತ್ತುಗಳಿಲ್ಲ. ಎರಡು ವರ್ಷದಿಂದ ಅಜ್ಜಿ ಜಾತ್ರೆಗೆ ಹೋಗಿಲ್ಲ. ಮಂಡಿನೋವು, ಟ್ರ್ಯಾಕ್ಟರಿನ ಟ್ರೇಲರ್ ಹತ್ತಲಾಗದು, ರಾತ್ರಿ ನೆಲದ ಮೇಲೆ ಮಲಗಿದರೆ ಬೆಳಿಗ್ಗೆ ಏಳಲಾಗದು. ಹೇಗೂ ಒಂದು ಗಾಡಿ ಬೇಕಾಗಿತ್ತು. ಹಳೆಯ ವ್ಯಾನ್ ಕೊಂಡು, ಮಲಗಲು ಬರುವಂತೆ ಮಾಡೋಣ ಎಂದು ಅಪ್ಪ ನಿರ್ಧರಿಸಿದರು. ‘ತಮ್ಮಾ, ನೀ ಇಂಜಿನಿಯರಿಂಗ್ ಓದಾಕತ್ತೀಯಲ್ಲ, ಎಷ್ಟು ದೊಡ್ಡ ಗಾಡಿ ಬೇಕು ಅಂತ ನೀನೇ ಲೆಕ್ಕ ಹಾಕು’ ಎಂದರು. ಕೈಯಲ್ಲಿದ್ದದ್ದು ಮೂರು ಲಕ್ಷ. ಅದರಲ್ಲೇ ನನ್ನ ಮುಂದಿನ ಸೆಮಿಸ್ಟರಿನ ಶುಲ್ಕವೂ ಸೇರಿತ್ತು.

ದೊಡ್ಡಪ್ಪನ ಮಗ, ನಮ್ಮ ಅಣ್ಣ, ಬೇರೆ ಮಾತು ತೆಗೆದ. ‘ಸಾಲ ಮಾಡಿ ದೊಡ್ಡದೇ ತಗೊಳ್ಳೋಣು. ಒಳಗ ನಿಂತು ಅಡ್ಡಾಡಬೇಕು. ಉಳಿದ ದಿನ ಬಾಡಿಗೆ ಓಡಿಸಿದರಾತು’ ಎಂದ. ಸುಲಭವಾಗಿ ತಳ್ಳಿಹಾಕುವ ಮಾತಲ್ಲ ಅದು. ಹಾಗಾಗಿ ಮೂರು ಅಳತೆಯ ಗಾಡಿಗಳನ್ನೂ ಕಾಗದದ ಮೇಲೆ ತಂದೆ.

ಎಲ್ಲಕ್ಕಿಂತ ಚಿಕ್ಕದು ಮಾರುತಿ ಓಮ್ನಿ. 1984ರಲ್ಲಿ ರಸ್ತೆಗಿಳಿದು, 2019ರಲ್ಲಿ ತಯಾರಿಕೆ ನಿಂತ ಗಾಡಿ. ಉದ್ದ 3.37 ಮೀಟರ್, ಅಗಲ 1.41 ಮೀಟರ್. ಎರಡನೆಯದು ಈಕೊ: 2010ರಲ್ಲಿ ಬಂದದ್ದು, ಉದ್ದ 3.67 ಮೀಟರ್, ಅಗಲ 1.47 ಮೀಟರ್. ಮೂರನೆಯದು ನಾವೆಲ್ಲ ‘ಟಿ.ಟಿ.’ ಎನ್ನುವ ಫೋರ್ಸ್ ಟ್ರಾವೆಲರ್. ಅದರಲ್ಲೇ ಹಲವು ಅಳತೆಗಳಿವೆ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ 3,050 ಮಿ.ಮೀ.ನಿಂದ 4,020 ಮಿ.ಮೀ.ವರೆಗೆ. ಉದ್ದನೆಯದು ಹೆಚ್ಚುಕಡಿಮೆ ಏಳು ಮೀಟರ್.

ಮೇಲ್ನೋಟಕ್ಕೆ ಟ್ರಾವೆಲರ್ ಗೆದ್ದಂತೆಯೇ. ಒಳಗೆ ಸಾಮಾನ್ಯ ಎತ್ತರದವರು ನಿಲ್ಲಬಹುದು, ಹಾಸಿಗೆಯನ್ನು ಅಡ್ಡಲಾಗಿ ಹಾಕಿದರೂ ಗಿಡ್ಡನೆಯವರು ಮಲಗಬಹುದು. ಮೊದಲ ಎರಡರಲ್ಲಿ ಅಡ್ಡ ಮಲಗುವ ಮಾತೇ ಇಲ್ಲ. ಅಗಲ ಐದು ಅಡಿಯೂ ಇಲ್ಲ. ಉದ್ದಕ್ಕೇ ಮಲಗಬೇಕು.

ಕಾಗದದ ಲೆಕ್ಕ ಸಾಲದು ಅನ್ನಿಸಿತು. ಅಂಗಳದಲ್ಲಿ ಸುಣ್ಣದ ಪುಡಿಯಿಂದ ಮೂರೂ ಗಾಡಿಗಳ ನಿಜ ಅಳತೆ ಬರೆದೆ. ಮುಂದಿನ ಸೀಟಿನ ಜಾಗ, ಗೋಡೆಯ ದಪ್ಪ ಕಳೆದು ಉಳಿದ ಜಾಗದಲ್ಲಿ ಚಾಪೆ ಹಾಸಿ, ಮಂಚದ ಹಲಗೆ ಇಟ್ಟು ಅಜ್ಜಿಯನ್ನು ಮಲಗಿಸಿದೆವು. ಅಜ್ಜಿಯ ಎತ್ತರ ಐದಡಿಗೆ ಎರಡಿಂಚು ಕಡಿಮೆ. ಕಾಲು ಚಾಚಿ ಮಲಗಿ, ‘ಮಲಗಾಕ ಜಾಗ ಸಾಕಪ್ಪಾ. ರಾತ್ರಿ ಎದ್ದು ಕುಂದ್ರಬೇಕಲ್ಲ, ಕೆಳಗಿಳಿಬೇಕಲ್ಲ, ಅದನ್ನ ನೋಡು’ ಎಂದರು.

ನನ್ನ ಪಟ್ಟಿಯನ್ನು ಆ ಮಾತು ತಿರುಗಿಸಿಬಿಟ್ಟಿತು. ನಾನು ಉದ್ದ–ಅಗಲ ಅಳೆಯುತ್ತಿದ್ದೆ. ಅಜ್ಜಿಗೆ ಬೇಕಾಗಿದ್ದದ್ದು ಎತ್ತರದ ಎರಡು ಲೆಕ್ಕ. ಒಂದು, ಹಲಗೆಯ ಮೇಲೆ ಕುಳಿತಾಗ ತಲೆ ಚಾವಣಿಗೆ ತಾಗಬಾರದು. ಎರಡು, ಬಾಗಿಲಿನಿಂದ ನೆಲಕ್ಕೆ ಒಂದೇ ಹೆಜ್ಜೆ ಇರಬೇಕು. ಕುಳಿತಾಗ ಅಜ್ಜಿಯ ಎತ್ತರ 75 ಸೆಂ.ಮೀ. ಓಮ್ನಿಯ ಹೊರ ಎತ್ತರವೇ 1.64 ಮೀಟರ್, ನೆಲದಿಂದ ತಳದವರೆಗಿನ ಅಂತರ ಮತ್ತು ಹಲಗೆಯ ಎತ್ತರ ಕಳೆದರೆ ತಲೆ ಬಗ್ಗಿಸಿಯೇ ಕೂರಬೇಕು. ಈಕೊ ಅದಕ್ಕಿಂತ ಎತ್ತರ, ಪಕ್ಕದ ಬಾಗಿಲು ಜಾರುವಂಥದ್ದು. ಹಲಗೆಯನ್ನು ತಗ್ಗಿಸಿದರೆ ಸಾಲುತ್ತದೆ. ಟ್ರಾವೆಲರಿನಲ್ಲಿ ತಲೆಗೆ ಬೇಕಾದಷ್ಟು ಜಾಗವಿದೆ, ಆದರೆ ಮೆಟ್ಟಿಲು ಎತ್ತರ. ಯಾರಿಗಾಗಿ ಗಾಡಿ ಕೊಳ್ಳುತ್ತಿದ್ದೆವೋ ಅವರಿಗೇ ಅದು ಕಷ್ಟ.

ಇನ್ನು ತೂಕ. ಗಾಡಿ ತುಂಬಿದಾಗ ಇರಬಹುದಾದ ಗರಿಷ್ಠ ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದೇ ನಮ್ಮ ಪಾಲು. ನಾವು ಐದು ಜನ, ಸುಮಾರು 275 ಕಿಲೊ. ನೀರು 40 ಲೀಟರ್ ಎಂದರೆ 40 ಕಿಲೊ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ 18 ಮಿ.ಮೀ. ಪ್ಲೈವುಡ್ ಹಾಳೆ ಒಂದಕ್ಕೆ 30 ಕಿಲೊ ದಾಟುತ್ತದೆ. ಅರ್ಧ ಹಾಳೆ ಸಾಕು, 17 ಕಿಲೊ. ಹಾಸಿಗೆ, ಪಾತ್ರೆ, ದಿನಸಿ 60 ಕಿಲೊ. ಫ್ಯಾನು, ಎರಡು ದೀಪ, ಐದು ಫೋನುಗಳಿಗೆ ಒಂದು ರಾತ್ರಿಗೆ 325 ವ್ಯಾಟ್ ಅವರ್ ಸಾಕು. 12 ವೋಲ್ಟಿನ 40 ಆ್ಯಂಪಿಯರ್ ಅವರ್ ಲಿಥಿಯಂ ಬ್ಯಾಟರಿಯಲ್ಲಿ ಇದು ನಡೆಯುತ್ತದೆ. ತೂಕ ಐದು ಕಿಲೊ ಹತ್ತಿರ. ಮನೆಯ ಇನ್ವರ್ಟರಿನ ದೊಡ್ಡ ಬ್ಯಾಟರಿ ಇಟ್ಟರೆ ಅದೊಂದೇ ಐವತ್ತು ಕಿಲೊ ತಿನ್ನುತ್ತದೆ. ಒಟ್ಟು 400 ಕಿಲೊ ಒಳಗೆ ಮುಗಿಯಿತು. ಒಳಗೆ ಅಡುಗೆಕಟ್ಟೆ, ಕಪಾಟು, ನೀರಿನ ಟ್ಯಾಂಕು ಎಂದು ಸೇರಿಸುತ್ತ ಹೋದರೆ ಚಿಕ್ಕ ಗಾಡಿ ತಾಳುವುದಿಲ್ಲ. ದೊಡ್ಡ ಗಾಡಿ ಬೇಕೆನಿಸುವುದು ಬಹಳ ಸಲ ಜನರಿಗಾಗಿ ಅಲ್ಲ, ಸಾಮಾನಿಗಾಗಿ.

ಹಳೆಯ ಬಂಡಿಯವರು ಈ ಗಂಟನ್ನು ಆಗಲೇ ಬಿಡಿಸಿದ್ದರು. ಬಂಡಿಯೊಳಗೆ ಮಲಗುತ್ತಿದ್ದದ್ದು ಮುದುಕರು, ಬಾಣಂತಿಯರು, ಮಕ್ಕಳು. ಉಳಿದವರು ಬಂಡಿಯ ಕೆಳಗೆ, ಪಕ್ಕದಲ್ಲಿ. ಮೂರು ಕಲ್ಲಿನ ಒಲೆ ಹೊರಗೆ. ಒಳಗೆ ಯಾರಿರಲೇಬೇಕು ಎಂದು ತೀರ್ಮಾನಿಸಿದರೆ ಗಾಡಿಯ ಅಳತೆ ತಾನಾಗಿ ಅರ್ಧಕ್ಕಿಳಿಯುತ್ತದೆ. ಅಡುಗೆ ಹೊರಗಿರುವುದು ಜೀವಕ್ಕೂ ಒಳ್ಳೆಯದು. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಇಬ್ಬರು ಕಾರ್ಬನ್ ಮೊನಾಕ್ಸೈಡ್‌ನಿಂದ ಸತ್ತರು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಡಿ ಚಿಕ್ಕದಾದಷ್ಟೂ ಅದು ಬೇಗ ತುಂಬುತ್ತದೆ. ಮುಚ್ಚಿದ ಗಾಡಿಯಲ್ಲಿ ಒಲೆ ಹಚ್ಚುವುದು, ಎಂಜಿನ್ ಚಾಲೂ ಇಟ್ಟು ಮಲಗುವುದು ಎರಡೂ ಬೇಡ.

ಕಾನೂನೂ ಅಳತೆಯ ಭಾಗವೇ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಸೀಟು ಕಿತ್ತು, ಚಾವಣಿ ಕತ್ತರಿಸಿ ಎತ್ತರಿಸುವ ವಿಡಿಯೊ ನೋಡಿ ಹಾಗೇ ಮಾಡಿದರೆ ನೋಂದಣಿಗೂ ವಿಮೆಗೂ ತೊಂದರೆ. ಅಂಥ ಬದಲಾವಣೆ ಬೇಕಿದ್ದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಬೇಕು. ಸರಕು ಸಾಗಿಸುವ ಕಾರ್ಗೊ ವ್ಯಾನ್ ಅಗ್ಗಕ್ಕೆ ಸಿಕ್ಕರೂ ಹಿಂದೆ ಜನರನ್ನು ಕೂರಿಸುವಂತಿಲ್ಲ. ಬಾಡಿಗೆಗೆ ಓಡಿಸಬೇಕೆಂದರೆ ಹಳದಿ ಬೋರ್ಡು, ಪರ್ಮಿಟ್ಟು, ಬೇರೆ ತೆರಿಗೆ. ಅಣ್ಣನ ಲೆಕ್ಕದಲ್ಲಿ ಇದ್ಯಾವುದೂ ಇರಲಿಲ್ಲ. ಬರೆದು ತೋರಿಸಿದಾಗ ಅವನೇ, ‘ಸಾಲದ ಕಂತಿಗೆ ವರ್ಷವಿಡೀ ಗಿರಾಕಿ ಬೇಕಾಗ್ತಾರ’ ಎಂದ.

ಕೊನೆಯ ಪ್ರಶ್ನೆ ಅವ್ವನದು: ‘ಜಾತ್ರಿ ನಾಕು ದಿನ. ಉಳಿದ ದಿನ ಏನು ಮಾಡ್ತದ ಗಾಡಿ?’ ಉಳಿದ ದಿನ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕು, ಹಡಗಲಿಗೆ ಹೋಗಿಬರಬೇಕು, ನಮ್ಮ ಓಣಿಯಲ್ಲಿ ತಿರುಗಬೇಕು. ಜಾತ್ರೆಯಲ್ಲಿ ಮರಳು, ಹೊಲದ ಬದು ನೋಡಿ ನಿಲ್ಲಿಸಬೇಕು. ನಾಲ್ಕು ಜನ ತಳ್ಳಿದರೆ ಏಳುವ ಗಾಡಿಯಾಗಿರಬೇಕು.

ಕೊನೆಗೆ ಐದು ಸೀಟಿನ ಹಳೆಯ ಈಕೊ ಎಂದಾಯಿತು. ಸೀಟು ಕೀಳುವುದಿಲ್ಲ, ಕೊರೆಯುವುದಿಲ್ಲ. ನಿಲ್ಲಿಸಿದ ಮೇಲೆ ಹಾಸುವ, ಹೊರಡುವಾಗ ಮಡಚಿಡುವ ಎರಡು ತುಂಡಿನ ಹಲಗೆ. ಒಳಗೆ ಅಜ್ಜಿ ಮತ್ತು ತಂಗಿ. ನಾವು ಮೂವರು ಪಕ್ಕಕ್ಕೆ ಕಟ್ಟಿದ ತಾಡಪಾಲಿನ ಕೆಳಗೆ. ನನ್ನ ಶುಲ್ಕದ ಹಣ ಹಾಗೇ ಉಳಿಯಿತು.

ನಿಮ್ಮಲ್ಲೂ ಹಲವರಿಗೆ ಗೆಳೆಯರು ಸೇರಿ ವ್ಯಾನ್ ಕೊಳ್ಳುವ, ಕ್ಯಾಂಪರ್ ಮಾಡಿ ಬಾಡಿಗೆಗೆ ಬಿಡುವ ಕನಸಿರಬಹುದು. ಮುಂಗಡ ಕೊಡುವ ಮೊದಲು ಸುಣ್ಣದ ಪುಡಿಗೆ ಹತ್ತು ರೂಪಾಯಿ ಖರ್ಚು ಮಾಡಿ. ಗೆರೆಯೊಳಗೆ ಒಂದು ರಾತ್ರಿ ಮಲಗಿ, ಸಾಮಾನು ತೂಗಿ, ಜೊತೆಗೆ ಬರುವವರಲ್ಲಿ ಎಲ್ಲರಿಗಿಂತ ಕಷ್ಟಪಡುವವರನ್ನು ಹತ್ತಿಸಿ ಇಳಿಸಿ ನೋಡಿ. ಅವರಿಗೆ ಒಪ್ಪಿದ ಗಾಡಿ ಉಳಿದವರಿಗೂ ಒಪ್ಪುತ್ತದೆ.