ಹೊಸ ರಥ, ಮುನಿದ ಸಾರಥಿ

ಮಧ್ಯಮ ವರ್ಗದ ಸಂಸಾರಕ್ಕೆ ಲ್ಯಾಪ್‌ಟಾಪ್ ಕೊಳ್ಳುವುದು ಸಣ್ಣ ಮಾತಲ್ಲ. ಅದಕ್ಕಾಗಿ ತಿಂಗಳುಗಟ್ಟಲೆ ಹಣ ಕೂಡಿಡಬೇಕು. ಇಲ್ಲವೆ ಕಂತಿನ ಸಾಲಕ್ಕೆ ತಲೆಯೊಡ್ಡಬೇಕು. ಹೀಗೆ ಮನೆಗೆ ಬಂದ ಯಂತ್ರವು ಮಗಳು ಪಾಠ ಕೇಳುತ್ತಿರುವಾಗಲೋ ಮಗ ಸಂದರ್ಶನಕ್ಕೆ ಕುಳಿತಿರುವಾಗಲೋ ಇದ್ದಕ್ಕಿದ್ದಂತೆ ಪರದೆ ಕಪ್ಪಾಗಿಸಿ ಮೌನ ತಾಳಿದರೆ, ಮನೆಯವರ ಪಾಡು ಹೇಳತೀರದು.

ಇಂತಹ ಸಮಯದಲ್ಲಿ ನಮ್ಮವರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಕೆಲವರು ಗಾಬರಿಗೊಂಡು ಯಂತ್ರವನ್ನು ಬೀದಿಯ ಮೂಲೆಯ ರಿಪೇರಿ ಅಂಗಡಿಗೆ ಹೊತ್ತೊಯ್ದು ಬಿಚ್ಚಿಸುತ್ತಾರೆ. ವಾರಂಟಿಗೆ ಅಲ್ಲಿಯೇ ಸಂಚಕಾರ ಬರಬಹುದು. ಮತ್ತೆ ಕೆಲವರು ‘ಹೊಸದಲ್ಲವೆ, ಪಳಗಿದ ಮೇಲೆ ಸರಿಹೋದೀತು’ ಎಂದು ಸುಮ್ಮನಿರುತ್ತಾರೆ. ಅಷ್ಟರಲ್ಲಿ ಅಂಗಡಿಯವರು ಬದಲಾಯಿಸಿ ಕೊಡುವ ಅವಧಿ ಮುಗಿದುಹೋಗಿರುತ್ತದೆ. ದೋಷವಿರುವುದು ಯಂತ್ರದಲ್ಲಿಯೋ ಅದನ್ನು ನಡೆಸುವ ತಂತ್ರಾಂಶದಲ್ಲಿಯೋ ಎಂಬುದನ್ನು ಆ ಅವಧಿಯೊಳಗೆ ಗೊತ್ತುಮಾಡಿಕೊಳ್ಳುವುದೇ ಜಾಣತನ. ಅದಕ್ಕೆ ಪಂಡಿತರೇ ಆಗಬೇಕೆಂದಿಲ್ಲ, ತಾಳ್ಮೆಯೊಂದಿದ್ದರೆ ಸಾಕು.

ಸಾರಥಿ ಯಾರು?

ಪರದೆಯ ಮೇಲೆ ನಾವು ಕಾಣುವ ಅಕ್ಷರ, ಚಿತ್ರ, ಚಲನೆಗಳೆಲ್ಲವನ್ನೂ ರೂಪಿಸುವುದು ಗ್ರಾಫಿಕ್ಸ್ ಚಿಪ್ಪು. ಆದರೆ ವಿಂಡೋಸ್ ಕೊಡುವ ಆಜ್ಞೆ ಅದಕ್ಕೆ ನೇರವಾಗಿ ತಿಳಿಯದು. ನಡುವೆ ನಿಂತು ಆಜ್ಞೆಯನ್ನು ಚಿಪ್ಪಿನ ಭಾಷೆಗೆ ತಿರುಗಿಸಿ ಹೇಳುವ ತಂತ್ರಾಂಶಕ್ಕೆ ‘ಡ್ರೈವರ್’ ಎಂದು ಹೆಸರು. ನಮ್ಮ ಮಾತಿನಲ್ಲಿ ಸಾರಥಿ ಎನ್ನಬಹುದು. ಕರ್ಣನ ಬಿಲ್ಗಾರಿಕೆಯಲ್ಲಿ ಕೊರತೆಯಿತ್ತೆಂದು ಯಾರೂ ಹೇಳರು. ಆದರೆ ಅವನಿಗೆ ದೊರೆತ ಸಾರಥಿ ಶಲ್ಯ. ರಥಿಕನಿಗೂ ಸಾರಥಿಗೂ ಮನ ಕೂಡದಿದ್ದರೆ ಎಂತಹ ರಥವೂ ಹೂತುಹೋಗುತ್ತದೆ. ಇಂದಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ವಿದ್ಯುತ್ತನ್ನು ಉಳಿಸುವ ಚಿಪ್ಪೊಂದು, ಆಟಕ್ಕೂ ಚಿತ್ರ ಸಂಕಲನಕ್ಕೂ ಬೇಕಾದ ಬಲಶಾಲಿ ಚಿಪ್ಪೊಂದು, ಹೀಗೆ ಎರಡಿರುತ್ತವೆ. ಆದುದರಿಂದ ಸಾರಥಿಗಳೂ ಇಬ್ಬರು.

2007ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾ ಒಂದು ಹೊಸ ಏರ್ಪಾಡನ್ನು ತಂದಿತು. ಗ್ರಾಫಿಕ್ಸ್ ಚಿಪ್ಪು ಹಿಡಿದ ಕೆಲಸದಲ್ಲಿ 2 ಸೆಕೆಂಡುಗಳವರೆಗೆ ಉತ್ತರ ಕೊಡದೆ ಸಿಕ್ಕಿಕೊಂಡರೆ, ವಿಂಡೋಸ್ ತಾನಾಗಿಯೇ ಡ್ರೈವರನ್ನು ಮತ್ತೆ ಆರಂಭಿಸುತ್ತದೆ. ಪರದೆ ಒಂದು ಗಳಿಗೆ ಕಪ್ಪಾಗಿ ಪುನಃ ಬೆಳಗುವುದರ ಗುಟ್ಟು ಇದೇ. ಈ ಪ್ರಯತ್ನವೂ ವಿಫಲವಾದಾಗ ಯಂತ್ರವೇ ನಿಂತುಹೋಗಿ, ‘ವಿಡಿಯೊ ಟಿಡಿಆರ್ ಫೇಲ್ಯೂರ್’ ಎಂಬ ಬರಹ ಮೂಡುತ್ತದೆ. ಬಹುಕಾಲ ನೀಲಿಯಾಗಿದ್ದ ಈ ನಿಲುಗಡೆಯ ಪರದೆ, ವಿಂಡೋಸ್ 11ರಲ್ಲಿ 2025ರಿಂದ ಕಪ್ಪು ಬಣ್ಣ ತಳೆದಿದೆ.

ಎರಡು ನಿದರ್ಶನಗಳು

ದೋಷ ಸಾರಥಿಯದೂ ಆಗಿರಬಹುದು, ರಥದ್ದೂ ಆಗಿರಬಹುದು ಎಂಬುದಕ್ಕೆ ಚರಿತ್ರೆಯಲ್ಲಿಯೇ ಸಾಕ್ಷ್ಯವಿದೆ. ವಿಸ್ಟಾ ಕುರಿತು ಅಮೆರಿಕದಲ್ಲಿ ನಡೆದ ಮೊಕದ್ದಮೆಯೊಂದರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಒಳಗಿನ ಕಾಗದಪತ್ರಗಳು 2008ರಲ್ಲಿ ಬಹಿರಂಗವಾದುವು. 2007ರಲ್ಲಿ ದಾಖಲಾದ ವಿಸ್ಟಾ ಕುಸಿತಗಳ ಪೈಕಿ ಶೇಕಡ 28.8ರಷ್ಟು ಎನ್ವಿಡಿಯಾ ಸಂಸ್ಥೆಯ ಡ್ರೈವರುಗಳಿಂದ ಆದುವೆಂದು ಅವುಗಳಲ್ಲಿತ್ತು. ಯಂತ್ರ ಗಟ್ಟಿಯಾಗಿದ್ದರೂ ಹೊಸ ವ್ಯವಸ್ಥೆಗೆ ಸಾರಥಿ ಇನ್ನೂ ಪಳಗಿರಲಿಲ್ಲ.

2008ರ ಜುಲೈಯಲ್ಲಿ ಅದೇ ಎನ್ವಿಡಿಯಾ ಇನ್ನೊಂದು ಸಂಗತಿಯನ್ನು ಒಪ್ಪಿಕೊಂಡಿತು. ತಾನು ಹಿಂದೆ ತಯಾರಿಸಿದ್ದ ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳ ಕವಚದ ಸಾಮಗ್ರಿ ದುರ್ಬಲವಾಗಿದೆಯೆಂದು ಹೇಳಿ, ದುರಸ್ತಿ ಮತ್ತು ಬದಲಾವಣೆಯ ವೆಚ್ಚಕ್ಕಾಗಿ 15ರಿಂದ 20 ಕೋಟಿ ಡಾಲರುಗಳನ್ನು ತೆಗೆದಿರಿಸಿತು. ಅಲ್ಲಿ ಸಾರಥಿಯನ್ನು ಎಷ್ಟು ಬಾರಿ ಬದಲಿಸಿದರೂ ಪ್ರಯೋಜನವಿರಲಿಲ್ಲ. ರಥದ ಅಚ್ಚೇ ಸೀಳಿತ್ತು.

ಪರೀಕ್ಷಿಸುವ ಕ್ರಮ

ನಿಮ್ಮ ಯಂತ್ರದ್ದು ಯಾವ ಬಗೆ? ಮೊದಲು ಒಂದು ನೋಟುಪುಸ್ತಕವನ್ನು ತೆಗೆದುಕೊಳ್ಳಿ. ಕುಸಿತವಾದ ದಿನ, ವೇಳೆ, ಆಗ ನಡೆಯುತ್ತಿದ್ದ ಕೆಲಸ, ಇವನ್ನು ಬರೆದಿಡಿ. ಪರದೆಯ ಛಾಯಾಚಿತ್ರವನ್ನು ಫೋನಿನಲ್ಲಿ ತೆಗೆದಿಡಿ. ಮುಖ್ಯವಾದ ಕಡತಗಳಿಗೆ ಬೇರೊಂದು ಕಡೆ ನಕಲು ಇರಲಿ.

ಯಂತ್ರವನ್ನು ಹೂಡಿದೊಡನೆ, ವಿಂಡೋಸ್ ಏಳುವುದಕ್ಕೂ ಮುಂಚೆಯೇ, ಪರದೆಯ ಮೇಲೆ ಗೆರೆಗಳೂ ಬಣ್ಣದ ಚೌಕಗಳೂ ಕಂಡರೆ ಅನುಮಾನವೇ ಬೇಡ. ಆ ವೇಳೆಗೆ ವಿಂಡೋಸಿನ ಡ್ರೈವರು ಕೆಲಸಕ್ಕೇ ಬಂದಿರುವುದಿಲ್ಲ, ದೋಷ ಯಂತ್ರದ್ದು. ಹೊರಗಿನ ಮಾನಿಟರಿಗೋ ಟೆಲಿವಿಷನ್ನಿಗೋ ಜೋಡಿಸಿದಾಗ ಅಲ್ಲಿ ಚಿತ್ರ ನಿರ್ಮಲವಾಗಿದ್ದು, ಲ್ಯಾಪ್‌ಟಾಪಿನ ಪರದೆ ಮಾತ್ರ ಮಿನುಗುತ್ತಿದ್ದರೆ, ಪರದೆಯನ್ನೋ ಅದರ ಕೇಬಲನ್ನೋ ಸಂಶಯಿಸಬೇಕು. ಹಾಸಿಗೆ, ದಿಂಬುಗಳ ಮೇಲಿಟ್ಟಾಗ ಮಾತ್ರ ಕುಸಿಯುವ ಯಂತ್ರಕ್ಕೆ ಗಾಳಿಯೇ ಔಷಧಿ. ಗಟ್ಟಿಯಾದ ಮೇಜಿನ ಮೇಲಿಟ್ಟು ನೋಡಿ.

ವಿಂಡೋಸ್ ಎದ್ದ ಬಳಿಕ ಪರದೆ ಮಿನುಗುತ್ತಿದೆಯೆನ್ನೋಣ. ಆಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರನ್ನು ತೆರೆಯಿರಿ. ಉಳಿದುದೆಲ್ಲ ಮಿನುಗುತ್ತಿದ್ದರೂ ಅದೊಂದು ಮಾತ್ರ ಸ್ಥಿರವಾಗಿದ್ದರೆ, ದೋಷ ಯಾವುದೋ ಅಪ್ಲಿಕೇಶನ್ನಿನದು. ಅದೂ ಮಿನುಗಿದರೆ ಡ್ರೈವರಿನದಿರಬೇಕು. ಪರದೆ ಪೂರ್ತಿ ಕಪ್ಪಾಗಿ ನಿಂತಾಗ ವಿಂಡೋಸ್, ಕಂಟ್ರೋಲ್, ಶಿಫ್ಟ್ ಕೀಲಿಗಳೊಡನೆ ‘ಬಿ’ ಅಕ್ಷರವನ್ನು ಒತ್ತಿದರೆ ಡ್ರೈವರು ಮತ್ತೆ ಆರಂಭವಾಗುತ್ತದೆ. ಅದರಿಂದ ಪರದೆ ಮರಳಿ ಬೆಳಗಿತೆಂದರೆ ಸಾರಥಿಯ ಮೇಲಣ ಸಂಶಯ ಬಲವಾಯಿತು.

ಯಂತ್ರವೇ ತನ್ನ ದಿನಚರಿಯನ್ನು ಬರೆದಿಡುತ್ತದೆ ಎಂಬುದು ಅನೇಕರಿಗೆ ತಿಳಿಯದು. ಸ್ಟಾರ್ಟ್ ಪಟ್ಟಿಯಲ್ಲಿ ‘ರಿಲಯಬಿಲಿಟಿ ಹಿಸ್ಟರಿ’ ಎಂದು ಹುಡುಕಿದರೆ, ಯಾವ ದಿನ ಏನು ಕುಸಿಯಿತು, ಯಾವ ದಿನ ಯಾವ ಹೊಸ ತಂತ್ರಾಂಶ ಸೇರಿತು ಎಂಬುದು ಸಾಲಾಗಿ ಕಾಣುತ್ತದೆ. ‘ಈವೆಂಟ್ ವ್ಯೂವರ್’ ಎಂಬಲ್ಲಿ ಕುಸಿದ ಡ್ರೈವರಿನ ಹೆಸರೇ ದೊರೆಯುವುದುಂಟು. ಆ ಹೆಸರು ‘ಎನ್‌ವಿ’ ಅಕ್ಷರಗಳಿಂದ ಆರಂಭವಾದರೆ ಎನ್ವಿಡಿಯಾ, ‘ಐಜಿ’ ಆದರೆ ಇಂಟೆಲ್, ‘ಎಎಮ್‌ಡಿ’ ಆದರೆ ಆ ಹೆಸರಿನ ಸಂಸ್ಥೆಯದೇ ಎಂದು ತಿಳಿಯಬಹುದು.

ಸಾರಥಿಯನ್ನು ಬದಲಿಸುವ ಬಗೆ

ಕುಸಿತ ಆರಂಭವಾದದ್ದು ಹೊಸ ಡ್ರೈವರು ಬಂದ ಮೇಲೆಯೇ ಆಗಿದ್ದರೆ ಹಳೆಯದಕ್ಕೆ ಮರಳುವುದು ಲೇಸು. ‘ಡಿವೈಸ್ ಮ್ಯಾನೇಜರ್’ ತೆರೆದು, ‘ಡಿಸ್‌ಪ್ಲೇ ಅಡಾಪ್ಟರ್ಸ್’ ಎಂಬುದರ ಕೆಳಗಿರುವ ಚಿಪ್ಪಿನ ಹೆಸರನ್ನು ಆರಿಸಿ, ‘ರೋಲ್ ಬ್ಯಾಕ್ ಡ್ರೈವರ್’ ಎಂಬುದನ್ನು ಒತ್ತಿದರಾಯಿತು. ಹೊಸದೆಲ್ಲ ಒಳ್ಳೆಯದೆಂದು ತಿಳಿಯಬೇಕಾಗಿಲ್ಲ. 2010ರ ಮಾರ್ಚಿಯಲ್ಲಿ ಎನ್ವಿಡಿಯಾ ಹೊರತಂದ 196.75 ಎಂಬ ಡ್ರೈವರು ಕೆಲವು ಕಾರ್ಡುಗಳ ಫ್ಯಾನಿನ ವೇಗವನ್ನೇ ಕೆಡಿಸಿತೆಂದು ದೂರು ಬಂದು, ಸಂಸ್ಥೆ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು.

ಮೊದಲ ದಿನದಿಂದಲೇ ಕುಸಿತವಿದ್ದರೆ, ಕಾರ್ಖಾನೆಯಲ್ಲಿ ತುಂಬಿದ ಡ್ರೈವರು ಹಳೆಯದಾಗಿರಬಹುದು. ಲ್ಯಾಪ್‌ಟಾಪ್ ತಯಾರಕರ ಜಾಲತಾಣದಲ್ಲಿ ನಿಮ್ಮ ಮಾದರಿಗೆಂದೇ ಇಟ್ಟಿರುವುದನ್ನು ಮೊದಲು ಹಾಕಿ. ಅದು ಫಲಿಸದಿದ್ದರೆ ಚಿಪ್ಪು ತಯಾರಕರದನ್ನು ಪ್ರಯತ್ನಿಸಿ. ‘ಡ್ರೈವರು ಸರಿಪಡಿಸಿ ಕೊಡುತ್ತೇವೆ’ ಎಂದು ಕರೆಯುವ ಅಪರಿಚಿತ ಜಾಹೀರಾತುಗಳ ತಂಟೆಗೆ ಹೋಗಬೇಡಿ. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಒಂದೆರಡು ದಿನ ನೋಡಿ, ಫಲವನ್ನು ಬರೆದಿಡಿ. ನಾಲ್ಕು ಮದ್ದನ್ನು ಒಟ್ಟಿಗೆ ಕುಡಿದವನಿಗೆ ಗುಣ ಕೊಟ್ಟದ್ದು ಯಾವುದೆಂದು ಹೇಗೆ ತಿಳಿದೀತು?

ಇಲ್ಲಿ ಎಚ್ಚರಿಕೆಯ ಮಾತೊಂದುಂಟು. ಹೊಸ ಯಂತ್ರಗಳಲ್ಲಿ ಕಡತಗಳಿಗೆ ಗುಪ್ತಲಿಪಿಯ ಬೀಗ ಬಿದ್ದಿರುವುದು ಸಾಮಾನ್ಯ. ಬಯೋಸ್ ಪರಿಷ್ಕರಿಸಿದಾಗ ಅಥವಾ ‘ಸೇಫ್ ಮೋಡ್’ ಹೊಕ್ಕಾಗ ಯಂತ್ರವು 48 ಅಂಕಿಗಳ ಕೀಲಿಯನ್ನು ಕೇಳಬಹುದು. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದನ್ನು ಹುಡುಕಿ ಮೊದಲೇ ಬರೆದಿಟ್ಟುಕೊಳ್ಳಿ. ಕೀಲಿ ಕೈಯಲ್ಲಿಲ್ಲದೆ ಈ ಕೆಲಸಕ್ಕೆ ಇಳಿದರೆ, ಪರದೆ ಸರಿಹೋದರೂ ಒಳಗಿನ ಛಾಯಾಚಿತ್ರಗಳೂ ಬರಹಗಳೂ ಕೈತಪ್ಪಿಯಾವು.

ದಾಖಲೆಯ ಬಲ

ಇಷ್ಟೆಲ್ಲ ಮಾಡಿದರೂ ಕುಸಿತ ನಿಲ್ಲದಿದ್ದರೆ ಇನ್ನು ತಡಮಾಡಬಾರದು. ಬದಲಾವಣೆಯ ಅವಧಿ ಮುಗಿಯುವುದರೊಳಗೆ ಅಂಗಡಿಗೂ ತಯಾರಕರಿಗೂ ಬರಹದಲ್ಲಿ ದೂರು ಕೊಟ್ಟು, ದೂರಿನ ಸಂಖ್ಯೆಯನ್ನು ಪಡೆಯಿರಿ. ಅಲ್ಲಿ ನ್ಯಾಯ ದೊರೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ; 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ ಜಿಲ್ಲಾ ಆಯೋಗವೂ ಇದೆ.

ಆಗ ನಿಮ್ಮ ನೋಟುಪುಸ್ತಕದ ಬೆಲೆ ತಿಳಿಯುತ್ತದೆ. ‘ಆಗಾಗ ಕೆಟ್ಟುಹೋಗುತ್ತದೆ ಸ್ವಾಮಿ’ ಎಂದು ಗೋಳಾಡುವವನನ್ನು ‘ಡ್ರೈವರ್ ಹಾಕಿ ನೋಡಿ’ ಎಂದು ಹಿಂದಕ್ಕೆ ಕಳುಹಿಸುವುದು ಸುಲಭ. ಯಾವ ಡ್ರೈವರನ್ನು ಯಾವ ದಿನ ಹಾಕಿದೆವು, ಆ ಮೇಲೆ ಎಷ್ಟು ಬಾರಿ ಪರದೆ ಕಪ್ಪಾಯಿತು ಎಂದು ಪುಟ ತೆರೆದು ತೋರಿಸುವ ಗೃಹಿಣಿಯನ್ನು ಹಾಗೆ ಕಳುಹಿಸಲು ಯಾವ ಅಂಗಡಿಯವನಿಗೂ ನಾಲಗೆ ಏಳದು.