ಎರಡು ಪಂದ್ಯ, ಏಳು ವರ್ಷಗಳ ಕಾಯುವಿಕೆ: ರಾಬಿನ್ ಸಿಂಗ್ ನಡೆದ ಹಾದಿ

ತಾನು ಹುಟ್ಟಿದ ನೆಲದಲ್ಲಿಯೇ ಎದುರಾಳಿ ತಂಡದ ಆಟಗಾರನಾಗಿ ಅಂತಾರಾಷ್ಟ್ರೀಯ ಕ್ರಿಕೆಟ್‌ಗೆ ಪದಾರ್ಪಣೆ ಮಾಡುವ ಯೋಗ ಬಹಳ ಮಂದಿಗೆ ಬರುವುದಿಲ್ಲ. 1989ರ ಮಾರ್ಚ್ ತಿಂಗಳಲ್ಲಿ, ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನ್ ಮೈದಾನದಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ ಭಾರತದ ಪರವಾಗಿ ಕಣಕ್ಕಿಳಿದ ರಾಬಿನ್ ಸಿಂಗ್ ಅಂಥವರಲ್ಲೊಬ್ಬರು.

ರವೀಂದ್ರ ರಾಮನಾರಾಯಣ ಸಿಂಗ್ ಎಂಬುದು ಅವರ ಪೂರ್ಣ ನಾಮಧೇಯ. ಹುಟ್ಟಿದ್ದು 1963ರ ಸೆಪ್ಟೆಂಬರ್ 14ರಂದು, ಟ್ರಿನಿಡಾಡಿನ ಪ್ರಿನ್ಸಸ್ ಟೌನಿನಲ್ಲಿ. ಆ ದ್ವೀಪಕ್ಕೂ ಭಾರತಕ್ಕೂ ಇರುವ ನಂಟು ಹಳೆಯದು. 1845ರಲ್ಲಿ ಕಲ್ಕತ್ತೆಯಿಂದ ಹೊರಟ ಹಡಗು ಅಲ್ಲಿಗೆ ಭಾರತದ ಕರಾರು ಕೂಲಿಗಳನ್ನು ಮೊದಲ ಬಾರಿಗೆ ಹೊತ್ತೊಯ್ದಿತು. ಕಬ್ಬಿನ ಗದ್ದೆಗಳಲ್ಲಿ ದುಡಿಯಲು ಹಾಗೆ ಹೋದವರಲ್ಲಿ ಹೆಚ್ಚಿನವರು ಮರಳಲಿಲ್ಲ. ಭಾರತೀಯ ಮೂಲದ ಕುಟುಂಬವೊಂದರ ಕುಡಿಯಾದ ರಾಬಿನ್, 1980ರ ದಶಕದಲ್ಲಿ ಸಮುದ್ರವನ್ನು ಹಿಮ್ಮುಖವಾಗಿ ದಾಟಿ ಮದ್ರಾಸಿಗೆ ಬಂದರು. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿದರು, ಲೀಗ್ ಪಂದ್ಯಗಳನ್ನಾಡಿದರು. 1987-88ರಲ್ಲಿ ಮೂರು ದಶಕಗಳ ತರುವಾಯ ತಮಿಳುನಾಡು ರಣಜಿ ಟ್ರೋಫಿಯನ್ನು ಗೆದ್ದಾಗ ಆ ತಂಡದಲ್ಲಿ ಅವರಿದ್ದರು. ಭಾರತ ತಂಡದಲ್ಲಿ ಆಡುವುದಕ್ಕಾಗಿ ಟ್ರಿನಿಡಾಡಿನ ಪಾಸ್‌ಪೋರ್ಟನ್ನು ತೊರೆದು ಈ ದೇಶದ ನಾಗರಿಕರಾದರು.

ಆ ತ್ಯಾಗಕ್ಕೆ ಪ್ರತಿಯಾಗಿ ದೊರೆತದ್ದು ಕೇವಲ ಎರಡು ಏಕದಿನ ಪಂದ್ಯಗಳು. ಮೂರನೆಯ ಪಂದ್ಯಕ್ಕಾಗಿ ಅವರು ಏಳು ವರ್ಷಗಳಿಗೂ ಹೆಚ್ಚು ಕಾಲ ಕಾಯಬೇಕಾಯಿತು. ಇಷ್ಟು ದೀರ್ಘ ಅವಧಿಯಲ್ಲಿ ಆಯ್ಕೆಗಾರರು ಒಬ್ಬ ಆಟಗಾರನನ್ನು ಮರೆಯುವುದು ಸಹಜ. ಆಟಗಾರನೇ ಆಸೆ ಬಿಡುವುದು ಇನ್ನೂ ಸಹಜ. ರಾಬಿನ್ ಆಸೆ ಬಿಡಲಿಲ್ಲ. ದೇಶೀಯ ಕ್ರಿಕೆಟ್‌ನಲ್ಲಿ ರನ್ ಗಳಿಸುತ್ತ, ಮಧ್ಯಮ ವೇಗದ ಚೆಂಡು ಎಸೆಯುತ್ತ, ಮೈದಾನದಲ್ಲಿ ಮೈಚೆಲ್ಲಿ ಚೆಂಡು ತಡೆಯುತ್ತ ಉಳಿದರು. 1996ರ ಟೈಟನ್ ಕಪ್ ಸರಣಿಗೆ ಕರೆ ಬಂದಾಗ ಅವರ ವಯಸ್ಸು ಮೂವತ್ತಮೂರು.

ಅನಂತರದ ಐದು ವರ್ಷಗಳಲ್ಲಿ ಅವರ ಆಟ ಹೆಚ್ಚಾಗಿ ಕಾಣಿಸಿದ್ದು ತಂಡ ಸಂಕಷ್ಟದಲ್ಲಿದ್ದಾಗ. 1997ರಲ್ಲಿ ಕೊಲಂಬೊದಲ್ಲಿ ಶ್ರೀಲಂಕಾದ ಎದುರು ಶತಕ ಬಾರಿಸಿದರು. 1998ರ ಜನವರಿಯಲ್ಲಿ ಢಾಕಾದಲ್ಲಿ ಪಾಕಿಸ್ತಾನ 314 ರನ್ ಪೇರಿಸಿದಾಗ ಅವರನ್ನು ಮೂರನೆಯ ಕ್ರಮಾಂಕದಲ್ಲಿ ಕಳುಹಿಸಲಾಯಿತು. ಗಂಗೂಲಿ 124, ರಾಬಿನ್ 82. ಮಬ್ಬುಗತ್ತಲಿನಲ್ಲಿ ಕಾನಿಟ್ಕರ್ ಗೆಲುವಿನ ಬೌಂಡರಿ ಹೊಡೆದಾಗ ಇನ್ನೊಂದು ತುದಿಯಲ್ಲಿ ನಿಂತಿದ್ದವರು ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್. 1999ರ ವಿಶ್ವಕಪ್‌ನ ಟಾಂಟನ್ ಪಂದ್ಯವೆಂದರೆ ಗಂಗೂಲಿಯವರ 183 ಮತ್ತು ದ್ರಾವಿಡ್ ಅವರ 145 ಎಲ್ಲರಿಗೂ ನೆನಪಾಗುತ್ತವೆ. ಅದೇ ಪಂದ್ಯದಲ್ಲಿ 31 ರನ್ನುಗಳಿಗೆ ಐದು ವಿಕೆಟ್ ಕಿತ್ತ ರಾಬಿನ್ ಸಿಂಗ್ ನೆನಪಾಗುವುದು ಅಪರೂಪ. ಕೆಲವೇ ದಿನಗಳಲ್ಲಿ ಓವಲ್ ಮೈದಾನದಲ್ಲಿ ಆಸ್ಟ್ರೇಲಿಯಾದ ಎದುರು 17 ರನ್ನುಗಳಿಗೆ ನಾಲ್ಕು ವಿಕೆಟ್ ಉರುಳಿದ್ದಾಗ ಅಜಯ್ ಜಡೇಜಾ ಜೊತೆ ನಿಂತು 75 ರನ್ ಗಳಿಸಿದರು.

ಒಟ್ಟು 136 ಏಕದಿನ ಪಂದ್ಯಗಳು, 2,336 ರನ್, 69 ವಿಕೆಟ್. ಟೆಸ್ಟ್ ಪಂದ್ಯ ಮಾತ್ರ ಒಂದೇ: 1998ರಲ್ಲಿ, ಹರಾರೆಯಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ. ಎರಡು ಇನಿಂಗ್ಸ್‌ಗಳಲ್ಲಿ 27 ರನ್. ಪ್ರಥಮದರ್ಜೆ ಕ್ರಿಕೆಟ್‌ನಲ್ಲಿ ಸುಮಾರು ಏಳು ಸಾವಿರ ರನ್ ಗಳಿಸಿದವರಿಗೆ ಇದು ನ್ಯಾಯವೇ ಎಂಬ ಪ್ರಶ್ನೆಯನ್ನು ಓದುಗರೇ ತೂಗಿ ನೋಡಬಹುದು.

ಅಂಕಿಗಳ ಪಟ್ಟಿಯಲ್ಲಿ ಸೇರದ ಸಂಗತಿಯೊಂದಿದೆ: ಅವರು ತಡೆದ ರನ್ನುಗಳು, ಒಂದರ ಜಾಗದಲ್ಲಿ ಓಡಿ ಕದ್ದ ಎರಡನೆಯ ರನ್ನುಗಳು. ಕ್ಷೇತ್ರರಕ್ಷಣೆಯೆಂದರೆ ಬ್ಯಾಟಿಂಗ್ ಬಾರದ ದಿನದ ಪ್ರಾಯಶ್ಚಿತ್ತ ಎಂಬಂತಿದ್ದ ಕಾಲದಲ್ಲಿ ಅದನ್ನೊಂದು ವಿದ್ಯೆಯಾಗಿ ಸಾಧಿಸಿದ ಕೆಲವೇ ಭಾರತೀಯರಲ್ಲಿ ಅವರೊಬ್ಬರು. ನಿವೃತ್ತಿಯ ನಂತರ ಕೈಹಿಡಿದದ್ದೂ ಅದೇ ವಿದ್ಯೆ. ಅವರ ತರಬೇತಿಯಲ್ಲಿ ಹಾಂಗ್‌ಕಾಂಗ್ ತಂಡ 2004ರ ಏಷ್ಯಾ ಕಪ್‌ನಲ್ಲಿ ಆಡಿತು. 2007ರಲ್ಲಿ ವಿಶ್ವಕಪ್‌ನ ಸೋಲಿನಿಂದ ಕುಗ್ಗಿದ್ದ ಭಾರತ ತಂಡಕ್ಕೆ ಅವರು ಕ್ಷೇತ್ರರಕ್ಷಣೆಯ ಗುರುವಾದರು. ಬೌಲಿಂಗ್ ಹೊಣೆ ಬೆಂಗಳೂರಿನ ವೆಂಕಟೇಶ ಪ್ರಸಾದರದು.

ಅದೇ ವರ್ಷ ದಕ್ಷಿಣ ಆಫ್ರಿಕಾದಲ್ಲಿ ಮೊದಲ ಟ್ವೆಂಟಿ-20 ವಿಶ್ವಕಪ್ ನಡೆಯಿತು. ಡರ್ಬನ್‌ನಲ್ಲಿ ಭಾರತ-ಪಾಕಿಸ್ತಾನ ಪಂದ್ಯ ಸಮವಾಗಿ, ಬ್ಯಾಟ್ಸ್‌ಮನ್ ಇಲ್ಲದ ವಿಕೆಟ್ಟಿಗೆ ಚೆಂಡೆಸೆಯುವ 'ಬೌಲ್‌ಔಟ್' ನಿರ್ಣಾಯಕವಾಯಿತು. ಭಾರತದವರು ಅದನ್ನು ಮೊದಲೇ ಅಭ್ಯಾಸ ಮಾಡಿದ್ದರು. ಸೆಹವಾಗ್, ಹರ್ಭಜನ್, ಕರ್ನಾಟಕದ ರಾಬಿನ್ ಉತ್ತಪ್ಪ ಮೂವರೂ ಗುರಿ ತಪ್ಪಲಿಲ್ಲ. ಎದುರಾಳಿಯ ಮೂವರೂ ತಪ್ಪಿದರು. ಅಂದು ಗುರು ರಾಬಿನ್ ಸಿಂಗ್ ಅವರ ಹುಟ್ಟುಹಬ್ಬ. ಐದು ರನ್ನುಗಳ ಅಂತರದಲ್ಲಿ ಗೆದ್ದ ಫೈನಲ್‌ನಲ್ಲಿ ಅಬ್ಬರಿಸುತ್ತಿದ್ದ ಇಮ್ರಾನ್ ನಜೀರ್ ರನೌಟ್ ಆದದ್ದೂ ಉತ್ತಪ್ಪ ನೇರವಾಗಿ ವಿಕೆಟ್ಟಿಗೆಸೆದ ಚೆಂಡಿನಿಂದಲೇ. 2009ರಲ್ಲಿ ಮಂಡಳಿಯು ರಾಬಿನ್ ಮತ್ತು ಪ್ರಸಾದ್ ಇಬ್ಬರನ್ನೂ ಒಟ್ಟಿಗೆ ಬಿಡುಗಡೆ ಮಾಡಿತು.

ಐಪಿಎಲ್‌ನ ಮೊದಲ ವರ್ಷ ಅವರು ತರಬೇತಿ ನೀಡಿದ ಡೆಕ್ಕನ್ ಚಾರ್ಜರ್ಸ್ ಕಟ್ಟಕಡೆಯ ಸ್ಥಾನಕ್ಕೆ ಕುಸಿದಿತ್ತು. ಆದರೆ 2010ರಲ್ಲಿ ಮುಂಬೈ ತಂಡದ ತರಬೇತುದಾರರ ಬಳಗ ಸೇರಿದವರು ದೀರ್ಘಕಾಲ ಅಲ್ಲಿಯೇ ನೆಲೆನಿಂತು, ಆ ತಂಡ ಮತ್ತೆಮತ್ತೆ ಪ್ರಶಸ್ತಿ ಗೆಲ್ಲುವುದನ್ನು ಕಂಡರು.

2020ರಲ್ಲಿ ಅವರು ಸಂಯುಕ್ತ ಅರಬ್ ಸಂಸ್ಥಾನದ ತಂಡದ ಹೊಣೆ ಹೊತ್ತರು. ಹೊಟ್ಟೆಪಾಡಿಗಾಗಿ ಕೊಲ್ಲಿಗೆ ಬಂದ ಕುಟುಂಬಗಳ ಮಕ್ಕಳೇ ತುಂಬಿದ ತಂಡವದು. 2022ರ ವಿಶ್ವಕಪ್‌ನಲ್ಲಿ ಅದರ ನಾಯಕ ತಲಶ್ಶೇರಿ ಮೂಲದ ಸಿ.ಪಿ. ರಿಜ್ವಾನ್. ಶ್ರೀಲಂಕಾದ ವಿರುದ್ಧ ಹ್ಯಾಟ್ರಿಕ್ ಸಾಧಿಸಿದ ಕಾರ್ತಿಕ್ ಮೆಯ್ಯಪ್ಪನ್ ಹುಟ್ಟಿದ್ದು ಚೆನ್ನೈಯಲ್ಲಿ. ನಮೀಬಿಯಾವನ್ನು ಏಳು ರನ್ನುಗಳಿಂದ ಮಣಿಸಿ ಆ ತಂಡ ಟ್ವೆಂಟಿ-20 ವಿಶ್ವಕಪ್‌ನಲ್ಲಿ ತನ್ನ ಮೊದಲ ಜಯ ಪಡೆಯಿತು. ಹುಟ್ಟಿದ ಊರೊಂದು, ಆಡುವ ಧ್ವಜ ಇನ್ನೊಂದು ಎಂಬ ಬದುಕಿನ ಅರ್ಥವನ್ನು ಆ ಹುಡುಗರಿಗೆ ಬೇರೆಯವರು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರ ಗುರುವಿಗೂ ಬೇಕಾಗಿರಲಿಲ್ಲ.